ಕಾಯಕವೂ ಬಾಲದುಡಿಮೆಯೂ



ಶರಣಧರ್ಮದಲ್ಲಿ ಕಾಯಕಕ್ಕಿರುವ ಹಿರಿಮೆಯು ತಮಗೆಲ್ಲ ವಿದಿತವೇ ಆಗಿದೆ. ಆದರೆ ಶಬ್ದವು ಹಿರಿದಾದಷ್ಟೂ ಅದರ ದುರುಪಯೋಗವು ಸುಲಭ. ಎಳೆಯ ಮಕ್ಕಳನ್ನು ಕೂಲಿಗೆ ಹಚ್ಚಿ, ‘ಕಾಯಕ ಕಲಿಯಲಿ ಬಿಡಿ’ ಎನ್ನುವ ಮಾತನ್ನು ಸದ್ಗೃಹಸ್ಥರ ಬಾಯಿಂದಲೇ ನಾನು ಕೇಳಿದ್ದೇನೆ. ಆ ಮಾತು ಸಲ್ಲುವುದೋ ಸಲ್ಲದೋ ಎಂಬುದೇ ಈ ಪಾಠದ ವಿಚಾರ.

ಶರಣರ ನಡೆಯನ್ನು ಪರಿಶೀಲಿಸಿದರೆ ಕಾಯಕಕ್ಕೆ ಮೂರು ಲಕ್ಷಣಗಳು ಕಾಣುತ್ತವೆ. ಮಾಡುವವನು ತಿಳಿದು, ಮನವೊಪ್ಪಿ ಮಾಡಬೇಕೆಂಬುದು ಮೊದಲನೆಯದು. ಶಿವನು ನೆಲಸಿರುವ ಕಾಯವನ್ನು ಅದು ಕೆಡಿಸಬಾರದೆಂಬುದು ಎರಡನೆಯದು. ಅದರ ಫಲವು ನ್ಯಾಯವಾದುದಾಗಿರಬೇಕೆಂಬುದು ಮೂರನೆಯದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಕಥೆಯು ಪ್ರಸಿದ್ಧವಷ್ಟೆ. ತನಗೆ ಸಲ್ಲದ ಒಂದು ಹಿಡಿ ಅಕ್ಕಿಯನ್ನೂ ಒಲ್ಲದ ಧರ್ಮವಿದು.

ಈಗ ನಮ್ಮ ಮಂಗಲಕಾರ್ಯಗಳಿಗೆಲ್ಲ ಬೇಕಾದ ರೇಷ್ಮೆಯನ್ನೇ ನೋಡೋಣ. ಗೂಡಿನ ಅಂಟು ಸಡಿಲಲೆಂದು ಅದನ್ನು ಕುದಿನೀರಿನಲ್ಲಿ ಬೇಯಿಸುವರು. ಬಿಸಿನೀರಿಗೆ ಕೈಯಿಟ್ಟು ಎಳೆಯ ತುದಿಯನ್ನು ಹುಡುಕಿ ತೆಗೆಯಬೇಕು. ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯು ಕರ್ನಾಟಕ, ತಮಿಳುನಾಡು, ಉತ್ತರ ಪ್ರದೇಶಗಳ ರೇಷ್ಮೆಯ ಉದ್ಯಮವನ್ನು ಕುರಿತು 2003ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಹೆತ್ತವರು ಪಡೆದ ಮುಂಗಡಕ್ಕೆ ಒತ್ತೆಯಾಗಿ ಮಕ್ಕಳು ದಿನಕ್ಕೆ 12 ಗಂಟೆಗಳಿಗೂ ಮಿಕ್ಕಿ ದುಡಿಯುತ್ತಿದ್ದುದೂ, ಅವರ ಕೈಗಳು ಬೆಂದು ಹುಣ್ಣಾಗುತ್ತಿದ್ದುದೂ ಅದರಲ್ಲಿ ದಾಖಲಾಗಿವೆ.

ನಾನು ಅಧ್ಯಾಪಕನಾದ ಹೊಸದರಲ್ಲಿ ಇಂತಹ ಕೆಲಸದಿಂದ ಬಿಡಿಸಿ ತಂದ ಬಾಲಕನೊಬ್ಬನು ನಮ್ಮ ಪಾಠಶಾಲೆಗೆ ಸೇರಿದನು. ಅಕ್ಷರವು ಸೊಟ್ಟಗಿದೆಯೆಂದು ಅವನನ್ನು ಗದರಿದೆನು. ಅವನು ಏನೂ ಹೇಳದೆ ಅಂಗೈಯನ್ನು ಚಾಚಿದನು. ಬೆರಳ ತುದಿಗಳ ಚರ್ಮವು ಸುಲಿದುಹೋಗಿತ್ತು. ಇಷ್ಟಲಿಂಗಕ್ಕೆ ಪೀಠವಾಗಬೇಕಾದ ಕರಸ್ಥಲವದು! ಅಂದಿನ ನನ್ನ ಗದರಿಕೆಗಾಗಿ ಇಂದಿಗೂ ನಾಚುತ್ತೇನೆ. ಆ ದುಡಿಮೆಯಲ್ಲಿ ಮನದ ಒಪ್ಪಿಗೆಯೆಲ್ಲಿ? ಕಾಯದ ರಕ್ಷಣೆಯೆಲ್ಲಿ? ನ್ಯಾಯವಾದ ಫಲವೆಲ್ಲಿ? ಮೂರು ಲಕ್ಷಣಗಳಲ್ಲಿ ಒಂದೂ ಇಲ್ಲದುದನ್ನು ಕಾಯಕವೆಂದು ಕರೆಯಲಾಗದು.

ಇಲ್ಲಿ ಒಂದು ಪೂರ್ವಪಕ್ಷವುಂಟು. ‘ಮಗುವಿನ ಕೂಲಿಯೂ ಇಲ್ಲದಿದ್ದರೆ ಬಡವರ ಮನೆಯ ಒಲೆ ಉರಿಯುವುದೆಂತು?’ ಎನ್ನುವರು. ಬಡತನವು ಸುಳ್ಳಲ್ಲ, ಹಸಿದವರ ಮುಂದೆ ಬರಿಯ ಉಪದೇಶವು ನಿಲ್ಲದು. ಆದರೆ ಮಗುವು ಅರ್ಧ ಕೂಲಿಗೆ ದೊರೆಯುವಲ್ಲಿ ತಂದೆಗೆ ಪೂರ್ಣ ಕೂಲಿಯನ್ನು ಕೊಡುವವರಾರು? ಓದು ತಪ್ಪಿದ ಮಗುವು ಬೆಳೆದು ಅದೇ ಕೂಲಿಯನ್ನೂ ಅದೇ ಸಾಲವನ್ನೂ ತನ್ನ ಮಕ್ಕಳಿಗೆ ಬಿಟ್ಟುಹೋಗುವುದು. ಬಡತನದಿಂದ ಬಾಲದುಡಿಮೆ, ಬಾಲದುಡಿಮೆಯಿಂದ ಬಡತನ: ಇದು ಬೀಜಾಂಕುರನ್ಯಾಯ. ಎಲ್ಲಿಯಾದರೂ ಒಂದು ಕಡೆ ಕಡಿಯದೆ ಈ ಸರಪಳಿಯು ಹರಿಯದು. ಜೀತಪದ್ಧತಿಯನ್ನು ರದ್ದುಗೊಳಿಸಿದ 1976ರ ಕಾಯಿದೆಯಂತೆ ಜೀತದ ಸಾಲವನ್ನು ತೀರಿಸುವ ಹೊಣೆಯೇ ಇಲ್ಲ. ಇದನ್ನು ಅರಿಯದ ತಂದೆತಾಯಿಗಳಿಗೆ ತಿಳಿಸುವುದೂ ಒಂದು ದಾಸೋಹವೇ.

‘ಹಾಗಾದರೆ ಮಕ್ಕಳು ಕೈಕೆಲಸವನ್ನೇ ಕಲಿಯಬಾರದೆ?’ ಎಂದು ಮತ್ತೊಬ್ಬರು ಕೇಳಬಹುದು. ಅವಶ್ಯವಾಗಿ ಕಲಿಯಲಿ. ಶಾಲೆಯಿಂದ ಬಂದ ಮಗನು ದನಕ್ಕೆ ಮೇವು ಹಾಕುವುದೂ, ಮಗಳು ತಾಯಿಯೊಡನೆ ಹೂ ಕಟ್ಟುವುದೂ ಶಿಕ್ಷಣವೇ. 2016ರಲ್ಲಿ ತಿದ್ದುಪಡಿಯಾದ ಕಾಯಿದೆಯು 14 ವರ್ಷದೊಳಗಿನವರನ್ನು ಯಾವ ಕೂಲಿಕೆಲಸಕ್ಕೂ ಇಟ್ಟುಕೊಳ್ಳಕೂಡದೆಂದೂ, 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚಕೂಡದೆಂದೂ ವಿಧಿಸಿದೆ. ಶಾಲೆಯ ವೇಳೆಯ ಹೊರಗೆ, ಅಪಾಯವಿಲ್ಲದ ಮನೆತನದ ಕೆಲಸದಲ್ಲಿ ನೆರವಾಗುವುದನ್ನು ಒಪ್ಪಿದೆ. ಕಲಿಯುವುದಕ್ಕಾಗಿ ಮಾಡುವ ಕೆಲಸ ಬೇರೆ, ಕಲಿಕೆಯನ್ನು ಕಸಿಯುವ ಕೆಲಸ ಬೇರೆ.

ಈ ವ್ಯಾಧಿಯು ನಮ್ಮ ನಾಡಿನದು ಮಾತ್ರವಲ್ಲ. ಲೋಕದಲ್ಲಿ 2000ದಲ್ಲಿ ಸುಮಾರು 24.6 ಕೋಟಿ ಬಾಲದುಡಿಮೆಗಾರರಿದ್ದರೆಂದೂ, 2024ರಲ್ಲಿ ಆ ಸಂಖ್ಯೆಯು ಸುಮಾರು 13.8 ಕೋಟಿಗೆ ಇಳಿದಿತ್ತೆಂದೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್‌ಗಳ ಅಂದಾಜು. 2025ರೊಳಗೆ ಇದನ್ನು ಪೂರ್ಣವಾಗಿ ತೊಡೆಯಬೇಕೆಂದು ರಾಷ್ಟ್ರಗಳು ಮಾಡಿದ್ದ ಸಂಕಲ್ಪವು ಈಡೇರಲಿಲ್ಲ. ಆದರೂ ಇಳಿಕೆಯು ಸಾಧ್ಯವೆಂಬುದು ಸಿದ್ಧವಾಯಿತು. ಮಗುವಿಗೆ ಶಾಲೆ, ಹಿರಿಯನಿಗೆ ಘನತೆಯ ಕೆಲಸ ಮತ್ತು ಹೊಟ್ಟೆ ತುಂಬುವ ಕೂಲಿ: ಇವೆರಡೂ ಕೂಡಿದಲ್ಲಿಯೇ ಅದು ನಿಲ್ಲುವುದು.

ಇನ್ನು ಗೃಹಸ್ಥರ ಕರ್ತವ್ಯ. ಬಂಧುವಿನ ಮಗುವೆಂದಾಗಲಿ ಊರ ಬಡಮಗುವೆಂದಾಗಲಿ ಕರೆತಂದು, ‘ಮನೆಯವಳಂತೆಯೇ ಇದ್ದಾಳೆ’ ಎನ್ನುತ್ತ ಮುಸುರೆಗೆ ಹಚ್ಚುವುದು ಬೇಡ. ಮನೆಯ ಮಗುವು ಶಾಲೆಗೆ ಹೋಗುವ ಹೊತ್ತಿನಲ್ಲಿ ಆ ಮಗುವಿನ ಕೈಯಲ್ಲಿ ಪೊರಕೆಯಿದ್ದರೆ ಆ ಮಾತು ನಿಜವಾದೀತೆ? 14 ತುಂಬದವರನ್ನು ಮನೆಗೆಲಸಕ್ಕೆ ಇರಿಸಿಕೊಳ್ಳುವುದು 2006ರಿಂದಲೇ ನಿಷಿದ್ಧ. ಅಂಗಡಿ, ಕಾರ್ಖಾನೆಗಳುಳ್ಳ ಭಕ್ತರು ಹಿರಿಯರಿಗೆ ತಕ್ಕ ಕೂಲಿಯನ್ನು ಕೊಡಲಿ. ಕಷ್ಟದಲ್ಲಿರುವ ಮಗುವನ್ನು ಕಂಡವರು 1098 ಸಂಖ್ಯೆಗೆ ದೂರವಾಣಿ ಮಾಡಲಿ.

ಇಂದು ಪ್ರಸಾದಕ್ಕೆ ಕುಳಿತಾಗ ನಮ್ಮ ಎಡೆಗೆ ಬಡಿಸುವ ಕೈಯನ್ನೂ, ನಮ್ಮ ಉಡುಗೆಯನ್ನು ನೆಯ್ದ ಕೈಯನ್ನೂ ಒಮ್ಮೆ ನೆನೆಯೋಣ. ಅದು ಲೇಖನಿಯನ್ನು ಹಿಡಿಯಬೇಕಾದ ಎಳೆಯ ಕೈಯಾಗಿದ್ದರೆ, ಲಕ್ಕಮ್ಮನು ಹಿಂದಿರುಗಿಸಹೇಳಿದ ಅಕ್ಕಿಯಂತೆ ಅದು ನಮಗೆ ಸಲ್ಲದು.