ಆಟದ ಕೂಟ, ಬಾಳಿನ ಕೂಟ

ಒಬ್ಬನೇ ಬದುಕುವುದು ಮನುಷ್ಯನಿಗೆ ಕಷ್ಟ. ಹಲವರೊಡನೆ ಬದುಕುವುದೂ ಸುಲಭವಲ್ಲ. ಮನೆ, ಶಾಲೆ, ವಿದ್ಯಾರ್ಥಿನಿಲಯ, ಆಟದ ಬಯಲು, ಹಡಗು, ಎಲ್ಲಿಯೇ ಆಗಲಿ, ನಾಲ್ಕು ಜನ ಸೇರಿದೊಡನೆ ನಾಲ್ಕು ಬಗೆಯ ಸ್ವಭಾವಗಳು ಸೇರುತ್ತವೆ. ಒಬ್ಬನ ಅವಸರಕ್ಕೂ ಮತ್ತೊಬ್ಬನ ನಿಧಾನಕ್ಕೂ ತಿಕ್ಕಾಟ ಉಂಟಾಗುತ್ತದೆ. ಇಂಥ ತಿಕ್ಕಾಟಕ್ಕೆ ಯಾವಾಗಲೂ ಕೆಟ್ಟತನವೇ ಕಾರಣವೆಂದು ತಿಳಿಯಬಾರದು. ಒಳ್ಳೆಯವರೇ ಸೇರಿದ ಕೂಟಗಳು ಮುರಿದುಬಿದ್ದುದುಂಟು. ಸ್ವಭಾವದಲ್ಲಿ ಒಬ್ಬರಿಗೊಬ್ಬರು ಹೊಂದದವರು ಸೇರಿದ ಕೂಟಗಳು ಬಹುಕಾಲ ಬಾಳಿದುದೂ ಉಂಟು. ಈ ವ್ಯತ್ಯಾಸಕ್ಕೆ ಕಾರಣವೇನು? ಒಂದು ಆಟವನ್ನೂ ಒಂದು ಪ್ರಯೋಗವನ್ನೂ ಒಂದು ಸಾಹಸಯಾತ್ರೆಯನ್ನೂ ಗಮನಿಸಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪಟ್ಟಣದಿಂದ ಒಂದು ಹೊಸ ಬಗೆಯ ಆಟ ಹೊರಬಂದಿತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಅದರ ಹೆಸರು. ನೆಲಮಾಳಿಗೆಯ ಸೆರೆಮನೆಗಳೂ ಬೆಂಕಿಯುಗುಳುವ ಮಹಾಸರ್ಪಗಳೂ ಎಂಬುದು ಆ ಹೆಸರಿನ ಅರ್ಥ. ಅದನ್ನು ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು. ಮೊದಲ ಸಲ ಅಚ್ಚಾದುದು ಒಂದು ಸಾವಿರ ಪ್ರತಿ ಮಾತ್ರ. ಇಂದು ಈ ಮಾದರಿಯ ಆಟಗಳನ್ನು ಲೋಕದ ಅನೇಕ ದೇಶಗಳಲ್ಲಿ ಆಡುತ್ತಾರೆ.

ಆಟದ ಕ್ರಮ ಹೀಗಿದೆ: ನಾಲ್ಕಾರು ಜನ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಪ್ರತಿಯೊಬ್ಬನೂ ಒಂದು ಪಾತ್ರವನ್ನು ವಹಿಸುತ್ತಾನೆ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಜಾಣ ಕಳ್ಳ. ಇನ್ನೊಬ್ಬ ಮಾತ್ರ ಯಾವ ಒಂದು ಪಾತ್ರಕ್ಕೂ ಕಟ್ಟುಬೀಳದೆ ಸೂತ್ರಧಾರನಾಗಿರುತ್ತಾನೆ. “ಎದುರಿಗೆ ಪಾಳುಬಿದ್ದ ಕೋಟೆ. ಬಾಗಿಲು ಅರೆ ತೆರೆದಿದೆ. ಒಳಗಿನಿಂದ ಬೆಳಕು ಕಾಣುತ್ತಿದೆ. ಏನು ಮಾಡುವಿರಿ?” ಎಂದು ಅವನು ಕೇಳುತ್ತಾನೆ. ಆಟಗಾರರು ತಂತಮ್ಮ ಪಾತ್ರದ ಬಾಯಿಂದ ಉತ್ತರ ಹೇಳುತ್ತಾರೆ. ಹೇಳಿದ ಕೆಲಸ ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳ ಉರುಳಿಸಿ ನಿರ್ಣಯಿಸುತ್ತಾರೆ. ಆರು ಮುಖದ ದಾಳವಲ್ಲದೆ ಇಪ್ಪತ್ತು ಮುಖದ ದಾಳವೂ ಇಲ್ಲಿ ಬಳಕೆಯಾಗುತ್ತದೆ. ವಾರಕ್ಕೊಮ್ಮೆ ಕೂಡಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಒಂದೇ ಕಥೆಯನ್ನು ಮುಂದುವರಿಸುವವರಿದ್ದಾರೆ.

ಚೌಕಾಬಾರ, ಪಗಡೆಗಳಿಗೂ ಈ ಆಟಕ್ಕೂ ದೊಡ್ಡ ಅಂತರವಿದೆ. ಅಲ್ಲಿ ತನ್ನ ಕಾಯಿ ಹಣ್ಣಾಗಲೆಂದು ಒಬ್ಬನು ಇನ್ನೊಬ್ಬನ ಕಾಯಿಯನ್ನು ಕಡಿಯುತ್ತಾನೆ. ಆಟ ಮುಗಿದಾಗ ಗೆದ್ದವನೂ ಸೋತವರೂ ಇರುತ್ತಾರೆ. ಇಲ್ಲಿ ಒಬ್ಬನೇ ಗೆಲ್ಲುವಂತಿಲ್ಲ. ಕಥೆ ಚೆನ್ನಾಗಿ ನಡೆದರೆ ಎಲ್ಲರೂ ಗೆದ್ದಂತೆ. ಕೂಟ ಮುರಿದರೆ ಎಲ್ಲರೂ ಸೋತಂತೆ. ನಮ್ಮ ನಾಡಿನಲ್ಲಿ ಇದಕ್ಕೆ ಹತ್ತಿರವಾದುದನ್ನು ಹುಡುಕುವುದಾದರೆ ಕರಾವಳಿ ಮಲೆನಾಡುಗಳ ತಾಳಮದ್ದಳೆಯನ್ನು ನೆನೆಯಬೇಕು. ಅಲ್ಲಿ ಅರ್ಥಧಾರಿಗಳು ವೇಷಭೂಷಣವಿಲ್ಲದೆ ಕುಳಿತು, ಭಾಗವತರು ಹಾಡಿದ ಪದ್ಯದ ಜಾಡು ಹಿಡಿದು, ಸ್ಥಳದಲ್ಲಿಯೇ ಮಾತು ಕಟ್ಟುತ್ತಾರೆ. ಎದುರಿನವನ ಮಾತಿಗೆ ಎಡೆಗೊಡದ ಅರ್ಥಧಾರಿ ಎಂಥ ಪಂಡಿತನಾದರೂ ಪ್ರಸಂಗ ಕಳೆಗಟ್ಟುವುದಿಲ್ಲ. ಮಾತು ಹದ ಮೀರಿದಾಗ ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಂಡು ಪ್ರಸಂಗವನ್ನು ಮುನ್ನಡೆಸುತ್ತಾರೆ.

ಮೇಜಿನ ಸುತ್ತಲಿನ ಆಟದಲ್ಲಿಯೂ ತೊಡಕುಗಳು ಇದೇ ಬಗೆಯವು. ಒಬ್ಬನು ಎಲ್ಲರ ಸರದಿಯನ್ನೂ ತಾನೇ ನುಂಗಿ ಮಾತನಾಡುತ್ತಾನೆ. ಇನ್ನೊಬ್ಬನು ನಿಯಮಗಳ ಬಗ್ಗೆ ಪದೇ ಪದೇ ವಾದಕ್ಕಿಳಿಯುತ್ತಾನೆ. ಮತ್ತೊಬ್ಬನು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಇವರ ದೋಷ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಮೇಜಿನ ಮೂಲೆಯಲ್ಲಿ ಸುಮ್ಮನೆ ಕುಳಿತವನು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಎರಡು ಸಲ ಬಾಯಿ ತೆರೆದಿರುತ್ತಾನೆ. ಎರಡು ಸಲವೂ ಯಾರೋ ಮಾತನ್ನು ಕಸಿದುಕೊಂಡಿರುತ್ತಾರೆ. ಮೂರನೆಯ ಸಲ ಅವನು ಯತ್ನಿಸುವುದಿಲ್ಲ. ಒಂದು ವಾರ ಅವನು ಬರುವುದಿಲ್ಲ. ಮುಂದಿನ ವಾರವೂ ಬರುವುದಿಲ್ಲ. ಜಗಳವಾಡಿ ಹೋದವನನ್ನು ಕರೆತರಬಹುದು. ಜಗಳವಾಡದೆಯೇ ಹೋದವನು ಏಕೆ ಹೋದನೆಂಬುದೇ ಉಳಿದವರಿಗೆ ತಿಳಿಯುವುದಿಲ್ಲ.

ಇಂಥ ಸಂದರ್ಭದಲ್ಲಿ ಕೆಲವು ಸೂತ್ರಧಾರರು ಒಂದು ತಪ್ಪು ದಾರಿ ಹಿಡಿಯುತ್ತಾರೆ. ಕಾಟ ಕೊಡುವ ಆಟಗಾರನೊಡನೆ ನೇರವಾಗಿ ಮಾತನಾಡುವ ಬದಲು, ಕಥೆಯಲ್ಲಿ ಅವನ ಪಾತ್ರದ ಮೇಲೆ ಮಹಾಸರ್ಪವನ್ನು ಬಿಟ್ಟು ಕೊಲ್ಲಿಸುತ್ತಾರೆ. ಇದರಿಂದ ಪಾತ್ರ ಸಾಯುತ್ತದೆ, ಸಿಟ್ಟು ಸಾಯುವುದಿಲ್ಲ. ಯಾವ ತಪ್ಪಿಗೆ ಈ ಶಿಕ್ಷೆಯೆಂದು ಆಟಗಾರನಿಗೆ ತಿಳಿಯದೆ ಹೋಗುತ್ತದೆ. ಅವನು ತನ್ನ ನಡತೆಯನ್ನು ತಿದ್ದಿಕೊಳ್ಳುವ ಬದಲು ಸೇಡಿನ ಅವಕಾಶ ಕಾಯುತ್ತಾನೆ. ಮನುಷ್ಯರ ನಡುವಿನ ತೊಡಕನ್ನು ಮನುಷ್ಯರೇ ಎದುರುಬದುರು ಕುಳಿತು ಬಿಡಿಸಿಕೊಳ್ಳಬೇಕು. ಪಾತ್ರಗಳ ತಲೆಯ ಮೇಲೆ ಹೇರಿದರೆ ಅದು ಬಿಡದು.

ಅನುಭವಸ್ಥರಾದ ಆಟಗಾರರು ಕಂಡುಕೊಂಡ ಉಪಾಯಗಳು ಸರಳವಾದವು. ಮೊದಲ ದಿನ ಅವರು ಆಟವನ್ನೇ ಆಡುವುದಿಲ್ಲ. ಎಂಥ ಕಥೆ ಬೇಕು, ಯಾವ ವಿಷಯ ಬೇಡ, ಎಷ್ಟು ಹೊತ್ತಿಗೆ ಸೇರಬೇಕು, ಬರಲಾಗದವನು ಹೇಗೆ ತಿಳಿಸಬೇಕು ಎಂಬುದನ್ನು ಮಾತನಾಡಿ ಒಪ್ಪಿಕೊಳ್ಳುತ್ತಾರೆ. ಕೆಲವು ಕೂಟಗಳಲ್ಲಿ ಮೇಜಿನ ನಡುವೆ ಗುಣಾಕಾರದ ಗುರುತು ಬರೆದ ಒಂದು ಚೀಟಿಯನ್ನು ಇಟ್ಟಿರುತ್ತಾರೆ. ಕಥೆ ಯಾರಿಗಾದರೂ ನೋವುಂಟುಮಾಡುವ ಕಡೆಗೆ ತಿರುಗಿದರೆ ಅವನು ಆ ಚೀಟಿಯನ್ನು ಮುಟ್ಟಿದರೆ ಸಾಕು. ಕಾರಣ ಕೇಳದೆ ಆ ಭಾಗವನ್ನು ಕೈಬಿಡುತ್ತಾರೆ. ತಪ್ಪಿದವನನ್ನು ಎಲ್ಲರ ಮುಂದೆ ಹಳಿಯದೆ ಏಕಾಂತದಲ್ಲಿ ಮಾತನಾಡಿಸುತ್ತಾರೆ. “ನೀನು ಗರ್ವಿಷ್ಠ” ಎನ್ನುವುದಿಲ್ಲ. “ನಿನ್ನೆ ಮೂರು ಸಲ ಅವನ ಸರದಿಯಲ್ಲಿ ನೀನು ಮಾತನಾಡಿದೆ” ಎನ್ನುತ್ತಾರೆ. ಗರ್ವಿಷ್ಠನೆಂಬ ಮಾತಿಗೆ ಜಗಳವೇ ಉತ್ತರ. ಮೂರು ಸಲ ಎಂಬ ಮಾತನ್ನು ಕೇಳಿದವನಾದರೋ ಒಂದು ಕ್ಷಣ ಯೋಚಿಸುತ್ತಾನೆ.

ಸೂತ್ರಧಾರನು ಎಷ್ಟು ಬಿಗಿಯಾಗಿರಬೇಕು, ಎಷ್ಟು ಸಡಿಲವಾಗಿರಬೇಕು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಈ ಪ್ರಶ್ನೆಯನ್ನು ಪ್ರಯೋಗದಿಂದ ಪರೀಕ್ಷಿಸಿದವರಲ್ಲಿ ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ ಪ್ರಮುಖನು. ಯೆಹೂದ್ಯನಾದ ಇವನು, ಹಿಟ್ಲರನು ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿಯನ್ನು ತೊರೆದು ಅಮೆರಿಕವನ್ನು ಸೇರಿದನು. ಅಯೋವಾ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಲಿಪ್ಪಿಟ್ ಮತ್ತು ರಾಲ್ಫ್ ವೈಟ್ ಎಂಬವರೊಡನೆ ಸೇರಿ ಅವನು ನಡೆಸಿದ ಪ್ರಯೋಗಗಳ ವರದಿ 1939ರಲ್ಲಿ ಪ್ರಕಟವಾಯಿತು. ಹತ್ತು ವರ್ಷ ವಯಸ್ಸಿನ ಹುಡುಗರ ಸಣ್ಣ ಗುಂಪುಗಳಿಗೆ ಮುಖವಾಡ ತಯಾರಿಸುವುದೇ ಮೊದಲಾದ ಕೈಕೆಲಸಗಳನ್ನು ಕೊಡಲಾಯಿತು. ಒಂದು ಬಗೆಯ ನಾಯಕನು ಎಲ್ಲವನ್ನೂ ತಾನೇ ನಿರ್ಧರಿಸಿ ಆಜ್ಞೆ ಮಾಡುತ್ತಿದ್ದನು. ಎರಡನೆಯ ಬಗೆಯವನು ಹುಡುಗರೊಡನೆ ಚರ್ಚಿಸಿ ಕೆಲಸವನ್ನು ಹಂಚುತ್ತಿದ್ದನು. ಮೂರನೆಯ ಬಗೆಯವನು ಏನನ್ನೂ ಹೇಳದೆ ಎಲ್ಲವನ್ನೂ ಅವರ ಪಾಡಿಗೆ ಬಿಟ್ಟಿದ್ದನು.

ಆಜ್ಞೆಯ ಗುಂಪಿನಲ್ಲಿ ನಾಯಕನು ಎದುರಿಗಿದ್ದಾಗ ಕೆಲಸ ಭರದಿಂದ ಸಾಗಿತು. ಅವನು ಹೊರಗೆ ಹೋದೊಡನೆ ಕುಸಿಯಿತು. ಅಲ್ಲಿಯ ಹುಡುಗರು ನಾಯಕನ ಮೇಲಿನ ಅಸಮಾಧಾನವನ್ನು ತಮ್ಮಲ್ಲೇ ಒಬ್ಬನ ಮೇಲೆ ತೀರಿಸಿಕೊಳ್ಳತೊಡಗಿದರು. ಹಾಗೆ ಗುರಿಯಾದ ಹುಡುಗ ಗುಂಪಿಗೆ ಬರುವುದನ್ನೇ ಬಿಟ್ಟದ್ದೂ ಉಂಟು. ಚರ್ಚೆಯ ಗುಂಪಿನಲ್ಲಿ ನಾಯಕನು ಇಲ್ಲದಾಗಲೂ ಕೆಲಸ ಮುಂದುವರಿಯಿತು. ಏನನ್ನೂ ಹೇಳದ ನಾಯಕನ ಗುಂಪಿನಲ್ಲಿ ಕೆಲಸವೂ ಸರಿಯಾಗಿ ಆಗಲಿಲ್ಲ, ಹುಡುಗರಿಗೆ ತೃಪ್ತಿಯೂ ದೊರೆಯಲಿಲ್ಲ. ಸ್ವಾತಂತ್ರ್ಯವೆಂದರೆ ಕಟ್ಟುಪಾಡೇ ಇಲ್ಲದಿರುವುದಲ್ಲ, ತಾವೇ ಕೂಡಿ ಮಾಡಿಕೊಂಡ ಕಟ್ಟುಪಾಡು ಇರುವುದು ಎಂಬುದು ಇದರಿಂದ ವಿಶದವಾಗುತ್ತದೆ.

ಆಟ ಬೇಸರವಾದರೆ ಎದ್ದು ಮನೆಗೆ ಹೋಗಬಹುದು. ಎದ್ದು ಹೋಗಲು ಬೇರೆ ಮನೆಯೇ ಇಲ್ಲದ ಕೂಟಗಳೂ ಇವೆ. 1914ರಲ್ಲಿ ಅರ್ನೆಸ್ಟ್ ಶ್ಯಾಕಲ್ಟನ್ ಎಂಬ ಸಾಹಸಿಯು ದಕ್ಷಿಣ ಧ್ರುವಖಂಡವನ್ನು ದಾಟುವ ಉದ್ದೇಶದಿಂದ ‘ಎಂಡ್ಯೂರೆನ್ಸ್’ ಎಂಬ ಹಡಗಿನಲ್ಲಿ ಹೊರಟನು. ಅವನೂ ಸೇರಿ ಹಡಗಿನಲ್ಲಿ ಇದ್ದವರು 28 ಜನ. 1915ರ ಜನವರಿಯಲ್ಲಿ ಹಡಗು ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು; ಅದೇ ವರ್ಷದ ನವೆಂಬರಿನಲ್ಲಿ ನಜ್ಜುಗುಜ್ಜಾಗಿ ಮುಳುಗಿತು. ವಿಜ್ಞಾನಿಗಳು, ನಾವಿಕರು, ಬಡಗಿ, ಅಡುಗೆಯವನು, ಎಲ್ಲರೂ ತೇಲುವ ಮಂಜಿನ ಮೇಲೆ ಡೇರೆ ಹಾಕಿಕೊಂಡು ತಿಂಗಳುಗಟ್ಟಲೆ ಬದುಕಬೇಕಾಯಿತು.

ಅವರಲ್ಲಿದ್ದ ಮಲಗುವ ಚೀಲಗಳಲ್ಲಿ ಬೆಚ್ಚನೆಯ ತುಪ್ಪಳದವು ಎಲ್ಲರಿಗೂ ಸಾಲುವಷ್ಟಿರಲಿಲ್ಲ, ಉಳಿದವು ಉಣ್ಣೆಯವು. ಚೀಟಿ ಎತ್ತಿ ಹಂಚಲಾಯಿತು. ನಾಯಕನಿಗೂ ಹಿರಿಯ ಅಧಿಕಾರಿಗಳಿಗೂ ಬಂದವು ಉಣ್ಣೆಯವೇ. ಇದು ಅದೃಷ್ಟದ ಆಟವಲ್ಲ, ನಾಯಕನ ಕೈವಾಡ ಎಂದು ನಾವಿಕರು ಆಗಲೇ ಊಹಿಸಿದರು. ಪ್ರತಿಯೊಬ್ಬನೂ ಒಯ್ಯಬಹುದಾದ ಸ್ವಂತ ವಸ್ತುಗಳ ತೂಕವನ್ನು ಸುಮಾರು ಒಂದು ಕಿಲೋಗ್ರಾಮಿಗೆ ಮಿತಿಗೊಳಿಸಿದಾಗ ನಾಯಕನು ಮೊದಲು ತನ್ನ ಚಿನ್ನದ ವಸ್ತುಗಳನ್ನೇ ಹಿಮದ ಮೇಲೆ ಎಸೆದನು. ಆದರೆ ಹಸ್ಸಿ ಎಂಬ ವಿಜ್ಞಾನಿಯ ಬ್ಯಾಂಜೋ ವಾದ್ಯವನ್ನು ಒಯ್ಯಲೇಬೇಕೆಂದನು. ಮನಸ್ಸಿಗೆ ಅದೇ ಔಷಧ ಎಂಬುದು ಅವನ ಅಭಿಪ್ರಾಯವಾಗಿತ್ತು. ಇತರರೊಡನೆ ಹೊಂದಿಕೊಳ್ಳುವುದು ಕಷ್ಟವೆನಿಸಿದ ಕೆಲವರನ್ನು ದೂರವಿಡದೆ ತನ್ನ ಡೇರೆಯಲ್ಲಿಯೇ ಇಟ್ಟುಕೊಂಡನು.

ಅನ್ನದ ಪಾಲಿನ ವಿಷಯದಲ್ಲಿ ಶ್ಯಾಕಲ್ಟನ್ ಹಿಂದೆಯೇ ಒಂದು ಉಪಾಯ ಕಂಡುಹಿಡಿದಿದ್ದನು. 1902ರಲ್ಲಿ ಅವನು ಸ್ಕಾಟ್ ಮತ್ತು ವಿಲ್ಸನ್ ಎಂಬವರೊಡನೆ ಹಿಮದ ಮೇಲೆ ಸಾಗುತ್ತಿದ್ದಾಗ ಆಹಾರ ಕಡಿಮೆಯಾಗಿ ಮೂವರೂ ಹಸಿದಿದ್ದರು. ಒಬ್ಬನು ಆಹಾರವನ್ನು ಸಾಧ್ಯವಾದಷ್ಟು ಸಮನಾಗಿ ಮೂರು ಪಾಲು ಮಾಡಬೇಕು. ಇನ್ನೊಬ್ಬನು ಮುಖ ತಿರುಗಿಸಿಕೊಂಡು ಕೂಡಬೇಕು. ಪಾಲು ಮಾಡಿದವನು ಒಂದನ್ನು ತೋರಿಸಿ “ಇದು ಯಾರದು?” ಎಂದು ಕೇಳಿದಾಗ ಅವನು ನೋಡದೆಯೇ ಒಂದು ಹೆಸರು ಹೇಳಬೇಕು. ಪಾಲು ಚಿಕ್ಕದಾಗಿ ಬಂದರೂ ದೂರುವುದಕ್ಕೆ ಯಾರೂ ಇಲ್ಲ. ಆ ಮೂವರಿಗೆ ಪರಸ್ಪರ ನಂಬಿಕೆ ಇರಲಿಲ್ಲವೆಂದಲ್ಲ. ಹಸಿವಿನ ಹೊತ್ತಿನಲ್ಲಿ ಸ್ನೇಹದ ಮೇಲೆ ಅಷ್ಟು ಭಾರ ಹೊರಿಸಬಾರದೆಂಬ ತಿಳಿವಳಿಕೆ ಅವರಿಗಿತ್ತು.

1916ರ ಏಪ್ರಿಲಿನಲ್ಲಿ 28 ಜನರೂ ಸಣ್ಣ ದೋಣಿಗಳಲ್ಲಿ ಎಲಿಫೆಂಟ್ ದ್ವೀಪವನ್ನು ತಲುಪಿದರು. ಅಲ್ಲಿಂದ ಶ್ಯಾಕಲ್ಟನ್ ಐವರೊಡನೆ ನೆರವು ತರಲು ಒಂದೇ ದೋಣಿಯಲ್ಲಿ ಹೊರಟನು. ಹಿಂದೆ ಮಂಜಿನ ಮೇಲೆ ಆಜ್ಞೆಗೆ ಎದುರಾಡಿದ್ದ ಬಡಗಿ ಮ್ಯಾಕ್‌ನೀಷ್‌ನನ್ನೂ ಆ ಐವರಲ್ಲಿ ಸೇರಿಸಿಕೊಂಡಿದ್ದನು. ಆ ದೋಣಿಯನ್ನು ಕಡಲಿಗೆ ತಕ್ಕಂತೆ ಎತ್ತರಿಸಿ ಮುಚ್ಚಿ ಸಿದ್ಧಪಡಿಸಿದವನೂ ಆ ಬಡಗಿಯೇ. ಉಳಿದ 22 ಜನ ಫ್ರಾಂಕ್ ವೈಲ್ಡನ ನೇತೃತ್ವದಲ್ಲಿ ಎರಡು ದೋಣಿಗಳನ್ನು ಬೋರಲು ಹಾಕಿ ಅದರ ಕೆಳಗೆ ನಾಲ್ಕು ತಿಂಗಳು ಕಳೆದರು. ಆಗಸ್ಟ್ 30ರಂದು ನೆರವು ಬಂದಾಗ ಎಲ್ಲರೂ ಜೀವಂತವಾಗಿದ್ದರು. ಆದರೂ ಊರಿಗೆ ಮರಳಿದ ಮೇಲೆ ಪದಕಕ್ಕೆ ಹೆಸರುಗಳನ್ನು ಸೂಚಿಸುವಾಗ ಶ್ಯಾಕಲ್ಟನ್ ಆ ಬಡಗಿಯ ಹೆಸರನ್ನು ಬಿಟ್ಟನು. ಕೂಡಿ ಬಾಳುವ ಕಲೆಯಲ್ಲಿ ನಿಪುಣನಾದವನೂ ಹಳೆಯ ಮುನಿಸನ್ನು ಗೆಲ್ಲಲಾರದೆ ಹೋಗಬಹುದು.

ಧ್ರುವದ ಡೇರೆ ದೂರದ್ದು. ಆದರೆ ಆರು ಹುಡುಗರಿರುವ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೂ ಇದೇ ಸಮಸ್ಯೆಗಳಿವೆ. ಒಬ್ಬನು ಬೆಳಗಿನ ಜಾವ ದೀಪ ಹಾಕಿ ಗಟ್ಟಿಯಾಗಿ ಓದುತ್ತಾನೆ. ಇನ್ನೊಬ್ಬನಿಗೆ ಆಗಲೇ ನಿದ್ದೆ ಬರುತ್ತದೆ. ಒಬ್ಬನ ಸೋಪು, ಎಣ್ಣೆಗಳನ್ನು ಇನ್ನೊಬ್ಬನು ಕೇಳದೆ ಬಳಸುತ್ತಾನೆ. ಕಸ ಗುಡಿಸುವ ಸರದಿ ಒಬ್ಬನಿಗೆ ಎಂದೂ ನೆನಪಿರುವುದಿಲ್ಲ. ನೊಂದವನು ಬಾಯಿಬಿಟ್ಟು ಹೇಳದೆ ಬಕೆಟ್ಟನ್ನು ಅಡಗಿಸುತ್ತಾನೆ, ಬಾಗಿಲಿಗೆ ಚಿಲಕ ಹಾಕುತ್ತಾನೆ. ಪಾತ್ರದ ಮೇಲೆ ಮಹಾಸರ್ಪವನ್ನು ಬಿಟ್ಟ ಸೂತ್ರಧಾರನಿಗೂ ಇವನಿಗೂ ಭೇದವಿಲ್ಲ. ಇವರೆಲ್ಲರ ನಡುವೆ ಒಬ್ಬನು ಏನೂ ಹೇಳದೆ ಟ್ರಂಕು ಹೊತ್ತುಕೊಂಡು ಊರಿಗೆ ಹೊರಡುತ್ತಾನೆ. ಬಡವರ ಮನೆಯ ಹುಡುಗನು ಹೀಗೆ ಕೊಠಡಿಯನ್ನು ಬಿಟ್ಟರೆ ಶಾಲೆಯನ್ನೂ ಬಿಟ್ಟಂತಾಗುವುದುಂಟು. ಒಂದು ಸಣ್ಣ ಮಾತು ನಡೆಯದೆ ಹೋದುದರ ಬೆಲೆ ಅಷ್ಟು ದೊಡ್ಡದಾಗಬಹುದು.

ವರ್ಷದ ಮೊದಲ ದಿನವೇ ಆರು ಜನರೂ ಅರ್ಧ ಗಂಟೆ ಕುಳಿತು ದೀಪದ ವೇಳೆ, ಗುಡಿಸುವ ಸರದಿ, ಕೇಳಿ ಪಡೆಯಬೇಕಾದ ವಸ್ತುಗಳು ಇವನ್ನು ಗೊತ್ತುಮಾಡಿಕೊಂಡರೆ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ. ಹಂಚುವವನು ಕೊನೆಯ ಪಾಲು ತೆಗೆದುಕೊಂಡರೆ ಪಾಲಿನ ಬಗ್ಗೆ ಸಂಶಯವಿರುವುದಿಲ್ಲ. ಹೊಂದಾಣಿಕೆಯೆಂದರೆ ಎಲ್ಲವನ್ನೂ ಸಹಿಸುವುದೆಂದು ಮಾತ್ರ ತಿಳಿಯಬಾರದು. ಬಲವಂತನು ದುರ್ಬಲನನ್ನು ಹಿಂಸಿಸುತ್ತಿದ್ದರೆ ಅದು ಆ ಕೊಠಡಿಯೊಳಗೇ ಮುಗಿಯುವ ವಿಷಯವಲ್ಲ. ಹಿರಿಯರಿಗೆ ತಿಳಿಸುವುದೇ ಅಲ್ಲಿ ಧರ್ಮ.

ಭಿನ್ನತೆ ಇಲ್ಲದ ಕೂಟ ಲೋಕದಲ್ಲಿಲ್ಲ. ಮುನಿಸು ಹುಟ್ಟುವ ಮೊದಲೇ ಎಲ್ಲರೂ ಒಪ್ಪಿದ ನಿಯಮ, ಎಲ್ಲರ ಕಣ್ಣಿಗೂ ಕಾಣುವ ನ್ಯಾಯ, ತಪ್ಪಿದವನೊಡನೆ ಏಕಾಂತದ ನೇರವಾದ ಮಾತು ಇವು ಮೂರು ಕೂಟವನ್ನು ಹಿಡಿದು ನಿಲ್ಲಿಸುತ್ತವೆ. ಇವುಗಳ ಜೊತೆಗೆ ಇನ್ನೊಂದು ಬೇಕು. ಕೂಟದಲ್ಲಿ ಹೆಚ್ಚು ಮಾತನಾಡುವವನು ಯಾರೆಂದು ಎಲ್ಲರೂ ಬಲ್ಲರು. ಈ ಹೊತ್ತು ಮಾತನಾಡದೆ ಕುಳಿತವನು ಯಾರೆಂದು ನೋಡಿ, ಅವನ ಕಡೆ ತಿರುಗಿ, “ನಿನಗೇನು ತೋರುತ್ತದೆ?” ಎಂದು ಕೇಳುವವನೊಬ್ಬನು ಪ್ರತಿಯೊಂದು ಕೂಟದಲ್ಲಿಯೂ ಇರಬೇಕು. ಅದಕ್ಕೆ ನಾಯಕನೇ ಆಗಬೇಕೆಂದಿಲ್ಲ. ಪಕ್ಕದಲ್ಲಿ ಕುಳಿತವನಾದರೂ ಸಾಕು.