ಬೂದಿ ನುಡಿದ ಸಾಕ್ಷಿ

2019ರ ಫೆಬ್ರವರಿ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಅರಣ್ಯವು ದಿನಗಟ್ಟಲೆ ಉರಿಯಿತು. ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಬಡಿದು ಜನರು ಸೋತರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಆಕಾಶದಿಂದ ನೀರು ಸುರಿಯಬೇಕಾಯಿತು. ಉರಿ ಆರಿದ ಮೇಲೆ ಉಳಿದದ್ದು ಸಾವಿರಾರು ಎಕರೆ ಕರಿನೆಲ. ಅದರೊಡನೆ ಒಂದು ಪ್ರಶ್ನೆ. ಬೆಂಕಿ ಹುಟ್ಟಿದ್ದು ಎಲ್ಲಿ? ಹೇಗೆ?

ಕಾಡ್ಗಿಚ್ಚು ಎಲ್ಲಿಯೇ ಹೊತ್ತಲಿ, ಊರ ಜಗುಲಿಯ ಮೇಲೆ ಈ ಪ್ರಶ್ನೆಗೆ ಉತ್ತರ ಬಹುಬೇಗ ಸಿದ್ಧವಾಗುತ್ತದೆ. “ಬಿದಿರಿಗೆ ಬಿದಿರು ಉಜ್ಜಿ ಹೊತ್ತಿಕೊಂಡಿತು” ಎನ್ನುವವರು ಕೆಲವರು. “ದನಗಾಹಿಗಳೇ ಹಚ್ಚಿದರು” ಎನ್ನುವವರು ಹಲವರು. ಊಹೆಯನ್ನೇ ತೀರ್ಪೆಂದು ಬಗೆದರೆ ನಿರಪರಾಧಿಯು ಅಪವಾದಕ್ಕೆ ಗುರಿಯಾಗುತ್ತಾನೆ. ನಿಜವಾದ ಕಾರಣವು ಹಾಗೆಯೇ ಉಳಿದು, ಮರುವರ್ಷ ಮತ್ತೆ ಕಾಡನ್ನು ಸುಡುತ್ತದೆ. ಆದುದರಿಂದಲೇ ಕಾಡ್ಗಿಚ್ಚಿನ ಮೂಲವನ್ನು ಶೋಧಿಸುವುದು ಇಂದು ಒಂದು ಶಾಸ್ತ್ರವಾಗಿ ಬೆಳೆದಿದೆ.

ಬೆಂಕಿಯನ್ನು ಸರ್ವಭಕ್ಷಕನೆಂದು ಹಿರಿಯರು ಕರೆದರು. ಆದರೂ ಅದು ತಾನು ಬಂದ ದಾರಿಯ ಗುರುತುಗಳನ್ನು ಉಳಿಸಿಯೇ ಹೋಗುತ್ತದೆ. ಉರಿಗೆ ಎದುರಾದ ಮಗ್ಗುಲಲ್ಲಿ ಬಂಡೆಗೆ ಮಸಿ ಹಿಡಿದಿರುತ್ತದೆ; ಮರೆಯ ಮಗ್ಗುಲಲ್ಲಿ ನಾಲ್ಕು ಹುಲ್ಲೆಸಳುಗಳು ಸುಡದೆ ಉಳಿದಿರಬಹುದು. ಗಾಳಿ ಬೀಸುವ ಕಡೆಗೆ, ಇಳಿಜಾರಿನಲ್ಲಿ ಮೇಲ್ಮುಖವಾಗಿ ಬೆಂಕಿಯು ಅಗಲವಾಗುತ್ತ ಓಡುತ್ತದೆ. ಹೀಗಾಗಿ ಸುಟ್ಟ ಪ್ರದೇಶವು ಕಿರಿದಾಗುತ್ತ ಬಂದ ತುದಿಯ ಬಳಿ ಅದರ ಮೂಲವಿರುವುದು ಸಾಮಾನ್ಯ. ತನಿಖೆಗಾರರು ಒಂದೇ ಗುರುತನ್ನು ನಂಬುವುದಿಲ್ಲ. ಹಲವು ಗುರುತುಗಳು ಒಂದೇ ಎಡೆಯನ್ನು ತೋರುವವರೆಗೆ ತಾಳ್ಮೆಯಿಂದ ಹುಡುಕುತ್ತಾರೆ. ಆ ಎಡೆ ದೊರೆತ ಮೇಲೆ ಬೂದಿಯನ್ನು ಮೆಲ್ಲನೆ ಕೆದಕಿ ನೋಡುತ್ತಾರೆ. ಅಲ್ಲಿ ಬೀಡಿಯ ತುಂಡಿದೆಯೇ? ಒಲೆ ಹೂಡಿದ ಕಲ್ಲುಗಳಿವೆಯೇ? ಕಡಿದು ಬಿದ್ದ ವಿದ್ಯುತ್ ತಂತಿಯಿದೆಯೇ? ಸಿಡಿಲು ಸೀಳಿದ ಮರವಿದೆಯೇ? ಸಾಕ್ಷ್ಯವಿಲ್ಲದ ಕಾರಣಗಳನ್ನು ಒಂದೊಂದಾಗಿ ಕೈಬಿಡುತ್ತಾರೆ. ವಾರಗಟ್ಟಲೆ ಗುಡುಗು ಮಿಂಚುಗಳೇ ಕಾಣದ ಬಾನಿನ ಕೆಳಗೆ ಸಿಡಿಲನ್ನು ದೂರುವಂತಿಲ್ಲ.

ಇಂದು ಉಪಗ್ರಹಗಳ ನೆರವೂ ಉಂಟು. ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು 2004ರಿಂದ ಉಪಗ್ರಹಗಳು ಕಂಡ ಬೆಂಕಿಯ ತಾಣಗಳನ್ನು ರಾಜ್ಯಗಳಿಗೆ ತಿಳಿಸುತ್ತ ಬಂದಿದೆ. ಆದರೆ ಉಪಗ್ರಹವು ‘ಎಲ್ಲಿ’ ಎಂಬುದನ್ನು ಹೇಳಬಲ್ಲುದೇ ಹೊರತು ‘ಏಕೆ’ ಎಂಬುದನ್ನಲ್ಲ. ಅದಕ್ಕೆ ಮನುಷ್ಯನೇ ನೆಲಕ್ಕೆ ಬಾಗಿ ನೋಡಬೇಕು.

ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯರಿಂದಲೇ ಹೊತ್ತುವಂಥವು. ಆದರೂ ಕಿಡಿಯನ್ನು ಕಂಡುಹಿಡಿದ ಮಾತ್ರಕ್ಕೆ ಕಾರಣವೆಲ್ಲ ತಿಳಿದಂತಾಗದು. ರಾಶಿಬಿದ್ದ ತರಗೆಲೆಯೂ ದಟ್ಟವಾಗಿ ಹಬ್ಬಿದ ಲಂಟಾನವೂ ಇಲ್ಲದಿದ್ದರೆ ಕಿಡಿಯು ಕಿಚ್ಚಾಗುವುದು ಕಷ್ಟ. ಬಂಡೀಪುರದ ನೆರೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಗೆ ಬಲಿಯುವ ಮೊದಲೇ ‘ತರಗು ಬೆಂಕಿ’ ಹಾಕುತ್ತಿದ್ದರು. ನೆಲದ ಒಣ ಎಲೆಗಳು ಸಣ್ಣ ಉರಿಯಲ್ಲಿ ತೀರುತ್ತಿದ್ದವು. ಆ ಪದ್ಧತಿ ನಿಂತ ಮೇಲೆ ಲಂಟಾನ ಹೆಚ್ಚಿತು, ದೊಡ್ಡ ಬೆಂಕಿಯ ಭಯವೂ ಹೆಚ್ಚಿತು ಎಂಬುದು ಅವರ ಅನುಭವದ ಮಾತು. ಬೆಂಕಿ ಹಚ್ಚುವವರೆಂದು ನಾವು ಸುಲಭವಾಗಿ ದೂರುವ ಕಾಡಿನ ಜನರಲ್ಲಿಯೇ ಬೆಂಕಿಯ ತಿಳಿವಳಿಕೆ ಇರಬಹುದಲ್ಲವೇ?

ಕಾಡು ಸುಟ್ಟಾಗ ಕೋಪ ಬರುವುದು ಸಹಜ. ಆದರೆ ಒಬ್ಬನತ್ತ ಬೆರಳು ತೋರುವ ಮುನ್ನ ಬೂದಿಯನ್ನು ವಿಚಾರಿಸಬೇಕು. ಕಾಡನ್ನು ಉಳಿಸುವ ಕೆಲಸವು ಅಲ್ಲಿಂದಲೇ ಮೊದಲಾಗುತ್ತದೆ.