ದೊಡ್ಡ ಜಾಡಿಗೆ ಪುಟ್ಟ ಹೆಪ್ಪು

ಒಂದು ಪಾತ್ರೆ ಹಾಲಿಗೆ ಒಂದು ಚಮಚ ಮಜ್ಜಿಗೆ ಹೆಪ್ಪಾಗಿ ಸಾಕು. ಆದರೆ ಮದುವೆ ಮನೆಯ ಕೊಪ್ಪರಿಗೆಗೆ ಅದೇ ಒಂದು ಚಮಚವನ್ನು ಹಾಕಿ ಬೆಳಗಾಗುವುದನ್ನು ಕಾಯುವವರುಂಟೆ? ಬೀರನ್ನಾಗಲಿ ದ್ರಾಕ್ಷಾಮದ್ಯವನ್ನಾಗಲಿ ಹೆಚ್ಚು ಪ್ರಮಾಣದಲ್ಲಿ ಹುದುಗಿಸುವವರ ತೊಡಕೂ ಇದೇ ಬಗೆಯದು.

ಕೋಲಾರದ ಚಿನ್ನದ ಗಣಿ ಪ್ರದೇಶದ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕೆಲವು ವಾರ ಮುಂಚಿತವಾಗಿ ದ್ರಾಕ್ಷಿಯನ್ನು ಪಿಂಗಾಣಿ ಜಾಡಿಗಳಲ್ಲಿ ಹುದುಗಲಿಡುವ ವಾಡಿಕೆಯಿತ್ತು. 2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಅನೇಕ ಕುಟುಂಬಗಳು ಊರು ಬಿಟ್ಟವು; ಪಾಕವಿಧಾನಗಳೂ ಅವರೊಡನೆ ಹೋದವು. (ಅನುಮತಿಯಿಲ್ಲದೆ ಮದ್ಯ ತಯಾರಿಸುವುದನ್ನು 1965ರ ಕರ್ನಾಟಕ ಅಬಕಾರಿ ಅಧಿನಿಯಮವು ನಿರ್ಬಂಧಿಸುತ್ತದೆಂಬುದನ್ನು ಓದುಗರು ಮರೆಯತಕ್ಕದ್ದಲ್ಲ.) ಬಂಗಾರಪೇಟೆಯ ಮನೆಯೊಂದರಲ್ಲಿ ನಾವು ಕಂಡ ಇಪ್ಪತ್ತು ಲೀಟರಿನ ಜಾಡಿಗೆ ಹಳೆಯ ಯೀಸ್ಟನ್ನು ಅರ್ಧ ಚಮಚದಷ್ಟು ಉದುರಿಸಿದ್ದರು. ಮೂರು ದಿನ ಕಳೆದರೂ ಒಂದು ಗುಳ್ಳೆಯೂ ಏಳಲಿಲ್ಲ. ಅನಂತರ ಮೇಲೆ ಬಿಳಿಯ ಪೊರೆ ಕಟ್ಟಿತು. ಹಬ್ಬದ ಹೊತ್ತಿಗೆ ಜಾಡಿಯಲ್ಲಿದ್ದುದು ಹುಳಿಕಾಡಿ!

ಇದಕ್ಕೆ ಕಾರಣವೇನು? ಯೀಸ್ಟ್ ಬರಿಗಣ್ಣಿಗೆ ಕಾಣದ ಏಕಕೋಶಜೀವಿ, ಮೊಳೆಯೊಡೆದು ವೃದ್ಧಿಯಾಗುತ್ತದೆ. ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲಾಮ್ಲ ವಾಯುವನ್ನಾಗಿಯೂ ಒಡೆಯುವುದು ಅದರ ಕಸುಬು. ರಸದಲ್ಲಿ ಯೀಸ್ಟಿನ ಕಣಗಳು ವಿರಳವಾಗಿದ್ದರೆ ಅವು ಸಂಖ್ಯೆಯಲ್ಲಿ ಬೆಳೆಯುವಷ್ಟರಲ್ಲಿ ಇತರ ಸೂಕ್ಷ್ಮಜೀವಿಗಳು ಮನೆ ಮಾಡಿಕೊಂಡಿರುತ್ತವೆ. ಆದ್ದರಿಂದಲೇ ಮೊದಲು ಸಣ್ಣ ಸೀಸೆಯೊಂದರಲ್ಲಿ ಯೀಸ್ಟಿನ ಸೈನ್ಯವನ್ನು ಕಟ್ಟಿ, ಬಳಿಕ ಅದನ್ನು ಜಾಡಿಗೆ ನುಗ್ಗಿಸಬೇಕು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹ್ಯಾನ್ಸನ್ 1883ರಲ್ಲಿ ಒಂದೇ ಕಣದಿಂದ ಶುದ್ಧ ಯೀಸ್ಟನ್ನು ಬೆಳೆಸಿದುದೂ ಇಂತಹ ಹಂತಹಂತದ ವೃದ್ಧಿಯಿಂದಲೇ.

ಇಪ್ಪತ್ತು ಲೀಟರಿಗೆ ಒಂದು ಲೀಟರ್ ಹೆಪ್ಪು ಒಳ್ಳೆಯ ಪ್ರಮಾಣ. ಅರ್ಧ ಲೀಟರ್ ದ್ರಾಕ್ಷಿರಸಕ್ಕೆ ಅಷ್ಟೇ ನೀರು ಬೆರೆಸಿ ಹತ್ತು ನಿಮಿಷ ಕುದಿಸಬೇಕು. ಬೀರಿಗಾದರೆ ಒಂದು ಲೀಟರ್ ನೀರಿಗೆ 100 ಗ್ರಾಂ ಮಾಲ್ಟಿನ ಪುಡಿ. ಮುಚ್ಚಿಟ್ಟು, 30 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ತಣಿದ ಮೇಲೆ ಕುದಿನೀರಿನಲ್ಲಿ ತೊಳೆದ ಸೀಸೆಗೆ ಸುರಿದು ಸುಮಾರು 5 ಗ್ರಾಂ ಹೊಸ ಯೀಸ್ಟನ್ನು ಹಾಕಬೇಕು. ಬಿಸಿಯಿರುವಾಗ ಹಾಕಿದರೆ ಯೀಸ್ಟ್ ಸಾಯುತ್ತದೆ. ಬಾಯಿಗೆ ಬಿರಡೆ ಬೇಡ, ಹತ್ತಿ ಸಾಕು. ಆಗಾಗ ಸೀಸೆಯನ್ನು ಕುಲುಕಬೇಕು. ಹೊಸ ಕಣಗಳ ಪೊರೆ ಕಟ್ಟಲು ಆಮ್ಲಜನಕ ಬೇಕು.

ಇಲ್ಲಿ ಸಕ್ಕರೆಯನ್ನು ಸುರಿಯುವ ಉತ್ಸಾಹ ಸಲ್ಲದು. ಮನೆಯ ಪಾಕವಿಧಾನಗಳಲ್ಲಿ ದ್ರಾಕ್ಷಿಯಷ್ಟೇ ತೂಕದ ಸಕ್ಕರೆ ಹಾಕುವುದುಂಟು. ಅತಿ ಸಾಂದ್ರವಾದ ಪಾಕವು ಉಪ್ಪಿನಕಾಯಿಯ ಉಪ್ಪಿನಂತೆ ಕಣಗಳಿಂದ ನೀರನ್ನು ಹೀರಿಬಿಡುತ್ತದೆ. ಸಕ್ಕರೆಯನ್ನು ಕಂತುಕಂತಾಗಿ ಹಾಕುವುದೇ ಲೇಸು. ಅದೇ ವಿಧಾನಗಳಲ್ಲಿ ಒಂದು ಹಿಡಿ ಗೋಧಿಯನ್ನೂ ಸೇರಿಸುತ್ತಾರೆ. ಅದು ಯೀಸ್ಟಿಗೆ ಕೊಂಚ ಪೋಷಣೆಯನ್ನು ಒದಗಿಸುವುದರಿಂದ ನಾವದನ್ನು ಹಳಿಯುವುದಿಲ್ಲ.

ಒಂದು ದಿನದೊಳಗೆ ನೊರೆಯೆದ್ದು ರೊಟ್ಟಿಯಂಗಡಿಯ ಪರಿಮಳ ಬಂದರೆ ಹೆಪ್ಪು ಸಿದ್ಧವಾಯಿತು. ಹೆಪ್ಪಿಗೂ ಜಾಡಿಯ ರಸಕ್ಕೂ ಉಷ್ಣತೆಯಲ್ಲಿ ಹೆಚ್ಚು ಅಂತರವಿರಕೂಡದು. ಹೆಪ್ಪು ಹಾಕಿದ ಮೇಲೆ ನಿಯಮ ತಿರುಗುಮುರುಗಾಗುತ್ತದೆ: ಸೀಸೆಗೆ ಮಿತ್ರನಾಗಿದ್ದ ಗಾಳಿ ಜಾಡಿಗೆ ಶತ್ರು, ಏಕೆಂದರೆ ಹುಳಿಕಾಡಿಯ ಜೀವಾಣುಗಳು ಅದನ್ನೇ ಬೇಡುತ್ತವೆ. ಹಾಗೆಂದು ಬಿಗಿಯಾಗಿ ಮುಚ್ಚಿದರೆ ವಾಯುವಿನ ಒತ್ತಡಕ್ಕೆ ಜಾಡಿ ಸಿಡಿದೀತು. ಮುಚ್ಚಳದಿಂದ ಒಂದು ಕೊಳವೆಯನ್ನು ನೀರಿನ ಲೋಟಕ್ಕೆ ಇಳಿಬಿಡಬೇಕು. ಸೀಸೆಯಲ್ಲಿ ನೊರೆಯೇ ಏಳದಿದ್ದರೆ ಆ ಒಂದು ಲೀಟರನ್ನು ಚೆಲ್ಲಿ, ಬೇರೆ ಯೀಸ್ಟಿನಿಂದ ಮತ್ತೆ ಆರಂಭಿಸಬೇಕು.